ತೇಪೆಯ ಕೆಳಗಿನ ಚಿಗುರು

ಫೆಬ್ರವರಿ 20, ಬೆಳಿಗ್ಗೆ

ನೀರು ಹಾಕಿದೆ. ಎರಡು ಪರ್ಸಿಮನ್ ಹಣ್ಣಿನ ಗಿಡಕ್ಕೂ ಒಂದೊಂದು ಬಕೆಟ್. ಒಂದು ಗೇಟಿನ ಹತ್ತಿರ, ಇನ್ನೊಂದು ಬಟ್ಟೆ ಒಣಹಾಕುವ ತಂತಿಯ ಹತ್ತಿರ. ಎರಡೂ ಬರೀ ಕೋಲು. ಹೋದ ವರ್ಷ ಹೆಂಡತಿ ತಂದು ನೆಟ್ಟದ್ದು. ಗಿಡ ಉಳಿದವು, ಅವಳು ಉಳಿಯಲಿಲ್ಲ.

ನೆಟ್ಟ ದಿನ ಅಂದಿದ್ದಳು: "ರೀ, ನೀರು ಬೇಕಾದ್ರೆ ಹಾಕಿ. ಕತ್ತರಿ ಮಾತ್ರ ತರ್ಬೇಡಿ. ನಿಮ್ಮ ಕೈ ಸುಮ್ನಿರಲ್ಲ."

ಅಂಗಡಿಗೆ ಹೋದೆ. ಪ್ಯಾಂಟು, ಜಿಪ್ಪು, ಕಾಲರು. ಬಂದವರೆಲ್ಲ ಹೇಗಿದ್ದೀರಿ ಅಂತಾರೆ. ಚೆನ್ನಾಗಿದ್ದೀನಿ ಅಂತೀನಿ. ಸುಳ್ಳೇನಲ್ಲ... ಏನೂ ಅನ್ನಿಸುವುದೇ ಇಲ್ಲ.

ಮಾರ್ಚ್ 9

ಗೇಟಿನ ಗಿಡ ಚಿಗುರಿದೆ. ಕಾಂಡದಲ್ಲಿ ಒಂದು ಗಂಟಿದೆ, ನರ್ಸರಿಯವರು ಟೇಪು ಸುತ್ತಿದ್ದ ಜಾಗ. ನನ್ನ ಕಣ್ಣಿಗೆ ಅದು ತೇಪೆ. ಚಿಗುರು ಬಂದಿರುವುದು ತೇಪೆಯ ಕೆಳಗೆ. ಮೇಲೆ ಒಣಕಡ್ಡಿ.

"ಅಪ್ಪಾ, ಅಮ್ಮನ ಗಿಡ ಬದುಕ್ಕೊಳ್ತು ಕಣಪ್ಪಾ!" ಮಗಳು ಅತ್ತೇಬಿಟ್ಟಳು. ನನಗೆ ಹಸಿವಾಗಿತ್ತು. ತಿಂಡಿ ತಿಂದೆ.

ಮಾರ್ಚ್ 16, ಭಾನುವಾರ

ಕತ್ತರಿ ತಂದೆ. ತೇಪೆ ಹಾಕಿದ್ದು ಹೋಯಿತೆಂದರೆ ಗಟ್ಟಿ ಬಟ್ಟೆ ಇರುವಲ್ಲಿಗೆ ಕತ್ತರಿಸಿಬಿಡಬೇಕು. ಅಂಗಡಿಯಲ್ಲಿ ದಿನಾ ಮಾಡುವ ಕೆಲಸ. ಗೇಟಿನ ಗಿಡವನ್ನು ಚಿಗುರಿನ ಮೇಲಕ್ಕೆ ಕತ್ತರಿಸಿ, ತೇಪೆ ಸಮೇತ ಕಡ್ಡಿಯನ್ನು ಕಸಕ್ಕೆ ಹಾಕಿದೆ. ಚಿಗುರನ್ನು ಬಟ್ಟೆಪಟ್ಟಿಯಲ್ಲಿ ಕೋಲಿಗೆ ಕಟ್ಟಿದೆ. ನೀಟಾಗಿದೆ.

ತಂತಿ ಹತ್ತಿರದ್ದು ಇನ್ನೂ ಹಾಗೇ. "ಅದು ಗೊಟಕ್ ಅಂದಿದೆ, ಕಿತ್ತಾಕು," ಅಂದಳು ಮಗಳು. ಮುಂದಿನ ಭಾನುವಾರ ಆಗಲಿ.

ಮಾರ್ಚ್ 18

ನರ್ಸರಿಯಾಕೆ ಕೋಟಿಗೆ ಜಿಪ್ ಹಾಕಿಸಲು ಬಂದಿದ್ದಳು. ಜಂಬದಿಂದ ಮನೆಗೆ ಕರೆತಂದು ಗೇಟಿನ ಗಿಡ ತೋರಿಸಿದೆ, ತೇಪೆ ಕತ್ತರಿಸಿ ಹಾಕಿದ್ದನ್ನೂ ಹೇಳಿದೆ.

"ಅಯ್ಯೋ ಟೈಲರಣ್ಣಾ, ಏನ್ ಮಾಡ್ಬಿಟ್ರಿ! ಅದು ತೇಪೆ ಅಲ್ಲ, ಕಸಿ. ಮೇಲಿಂದೇ ನಿಮ್ಮ ಗಿಡ. ಕೆಳಗಿಂದು ಕಾಡುಜಾತಿ. ಇದ್ರ ಹಣ್ಣು ಬಾಯಿಗಿಡಕ್ಕಾಗಲ್ಲ."

"ಮೇಲೆ ಒಣಗಿತ್ತಲ್ಲಮ್ಮಾ?"

"ಒಣಗಿರ್ಲಿಲ್ಲ, ಮಲಗಿತ್ತು. ಸೋಮಾರಿ ಗಿಡ ಇದು. ಊರೆಲ್ಲ ಎದ್ದ ಮೇಲೆ ಏಳೋದು."

ತಂತಿ ಹತ್ತಿರದ್ದನ್ನೂ ನೋಡಿದಳು. "ಕಸಿ ಮೇಲೆ ಉಗುರಲ್ಲಿ ಒಂಚೂರು ಕೆರೆದ್ರೆ ಗೊತ್ತಾಗತ್ತೆ. ಹಸಿರಿದ್ರೆ ಜೀವ ಇದೆ. ಇಲ್ದಿದ್ರೆ ಇಲ್ಲ." ಕೈ ಚಾಚಿದಳು. ಬೇಡ ಅಂದೆ.

ಕಸದ ಬುಟ್ಟಿ ನೋಡಿದೆ. ಗಾಡಿಯವರು ಒಯ್ದಾಗಿತ್ತು. ಆಗಲೂ ಏನೂ ಅನ್ನಿಸಲಿಲ್ಲ. ಅಂಗಡಿಗೆ ಹೋಗಿ ಯಾರದೋ ಪ್ಯಾಂಟಿನ ಎರಡೂ ಕಾಲು ಸೇರಿಸಿ ಹೊಲಿದುಬಿಟ್ಟೆ.

ಏಪ್ರಿಲ್ 2

ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ನೀರು ಹಾಕುತ್ತಿದ್ದೇನೆ.

"ಕೆರೆದು ನೋಡ್ಬಿಡಪ್ಪಾ. ಇನ್ನೆಷ್ಟು ದಿನ ಹೀಗೆ?" ಅಂದಳು ಮಗಳು.

"ನೋಡೋಣ ಬಿಡು."

"ನೋಡೋಣ ಅಂತೀಯ, ನೋಡಲ್ಲ. ಆಸ್ಪತ್ರೆಲೂ ಹಿಂಗೇ ಮಾಡ್ದೆ."

ಹೌದು. ಡಾಕ್ಟರು ಕರೆದಾಗ ಮಗಳನ್ನೇ ಒಳಗೆ ಕಳಿಸಿ ನಾನು ಕಾರಿಡಾರಿನಲ್ಲಿ ನಿಂತಿದ್ದೆ. ಕೇಳಿಸಿಕೊಳ್ಳದಿದ್ದರೆ ಆಗುವುದಿಲ್ಲ ಅಂದುಕೊಂಡಿದ್ದೆ. ಈಗಲೂ ಅದೇ ಹೆದರಿಕೆ. ಹೆಂಡತಿಯದು ಅಂತ ಉಳಿದಿರುವುದು ಇದೊಂದೇ ಗಿಡ. ಇದೂ ಹೋಗಿದ್ದರೆ?

ಏಪ್ರಿಲ್ 11, ಬೆಳಿಗ್ಗೆ

ಮಗಳು ಡ್ಯೂಟಿಗೆ ಹೋದಳು. ನೀರು ಹಾಕಿ ಬಕೆಟ್ ಬೋರಲು ಹಾಕಿಕೊಂಡು ತಂತಿ ಹತ್ತಿರದ ಗಿಡದ ಮುಂದೆ ಕೂತೆ. ಕಸಿಯ ಮೇಲೆ — ಮೇಲೆಯೇ ಅಂತ ಎರಡು ಸಲ ನೋಡಿಕೊಂಡೆ — ಉಗುರು ತಾಗಿಸಿದೆ. ತೊಗಟೆ ಚೂರು ಎದ್ದಿತು.

ಹಸಿರು. ಒದ್ದೆ ಹಸಿರು.

ಮನೆ ಕಡೆ ತಿರುಗಿ ಕೂಗಿಬಿಟ್ಟೆ: "ಲೇ, ಬಾರೇ ಇಲ್ಲಿ! ನಿನ್ನ ಗಿಡ ನೋಡು ಬಾ!"

ಕೂಗಿ ಕಾದೆ. ನಿಜವಾಗಿಯೂ ಕಾದೆ, ಕೈ ಒರೆಸಿಕೊಂಡು ಬರುತ್ತಾಳೆ ಅಂತ. ಅಡುಗೆಮನೆಯ ಕಿಟಕಿ ಮುಚ್ಚಿಯೇ ಇತ್ತು.

ಆಮೇಲೆ ಅತ್ತೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕುವಷ್ಟು ಜೋರಾಗಿ.

ಅಂಗಡಿಗೆ ಹೊತ್ತಾಯಿತು. ಹೋಗಬೇಕು. ಮಗಳಿಗೆ ಫೋನ್ ಮಾಡಿ ಮೊದಲು ಹೇಳಬೇಕು, ನಿಮ್ಮಮ್ಮನ ಗಿಡಕ್ಕೆ ಜೀವ ಇದೆ ಅಂತ.