ದಾರ ಕಡಿಯುವ ಜಾಗ

ಸೋಮವಾರ, ಮಧ್ಯಾಹ್ನ

ಅಮ್ಮಾ, ನನ್ನ ಮುದ್ದು ಅಮ್ಮಾ,

ಇವರ ಹಾಡು ಸಿನಿಮಾಕ್ಕೆ ಆಯ್ಕೆಯಾಯಿತು! ಬರುವ ವಾರವೇ ರೆಕಾರ್ಡಿಂಗ್. ಟ್ಯೂನ್ ಕೇಳಿ ನಿರ್ದೇಶಕರು ಎದ್ದು ಬಂದು ತಬ್ಬಿಕೊಂಡರಂತೆ. ಮನೆಗೆ ಬಂದ ಇವರು ನನ್ನನ್ನು ಎತ್ತಿ ತಿರುಗಿಸಿದ ಭರಕ್ಕೆ ಕಾಲು ತಾಗಿ ನೀನು ಕೊಟ್ಟ ಹೂದಾನಿ ಚೂರುಚೂರು. ಬೈಯಬೇಡ, ಚೂರು ಹೆಕ್ಕುತ್ತಾ ಇಬ್ಬರೂ ನಕ್ಕಿದ್ದೇ ನಕ್ಕಿದ್ದು! ನನ್ನ ಕಾನ್ವೆಂಟ್ ಕನ್ನಡದಲ್ಲಿ ಇಷ್ಟೊಂದು ಸಂತೋಷ ಹಿಡಿಸುವುದಿಲ್ಲ, ಉಳಿದದ್ದನ್ನು ನೀನೇ ಊಹಿಸಿಕೋ.

ಇವರ ಸ್ವಭಾವ ನಿನಗೆ ಗೊತ್ತಲ್ಲ. ಬೇರೆಯವರ ಸ್ವರ ಅಂಟಿಕೊಂಡೀತು ಅಂತ ಮನೆಯಲ್ಲಿ ರೇಡಿಯೋ ಕೂಡ ಇಟ್ಟಿಲ್ಲ. ಹೋದ ವರ್ಷ ಒಬ್ಬ ಸಂಗೀತ ನಿರ್ದೇಶಕರು ಯಾರದೋ ಹಾಡು ಕದ್ದಿದ್ದಾರೆಂದು ಇವರು ಪತ್ರಿಕೆಯಲ್ಲಿ ಬರೆದು ಜಾಡಿಸಿದ್ದರು. ಅದನ್ನು ಓದಿಯೇ ಅಲ್ಲವೇ ನಾನು ಇವರಿಗೆ ಮನಸೋತದ್ದು!

ನಿನ್ನೆ ಹಾಡನ್ನು ನನಗೆ ಕೇಳಿಸಿದರು. ಅಮ್ಮ, ಅದು ನಿನ್ನದು. ಹೊಲಿಗೆ ಮೆಷಿನ್ ತುಳಿಯುತ್ತಾ ನೀನು ಗುನುಗುತ್ತೀಯಲ್ಲ, ನೀನೇ ಕಟ್ಟಿಕೊಂಡದ್ದು, ಅದೇ. ಏರುವುದೂ ಇಳಿಯುವುದೂ ಹಾಗೆಯೇ. ನಡುವೆ ತಟ್ಟನೆ ನಿಲ್ಲುತ್ತದಲ್ಲ, ಅಲ್ಲಿ ಇವರು ಕೀಬೋರ್ಡಿನಿಂದ ಬೆರಳೆತ್ತಿದರು. ಇಂಥ ಜಾಗದಲ್ಲಿ ಸುಮ್ಮನಾಗುವ ಧೈರ್ಯ ಇದುವರೆಗೆ ಯಾರೂ ಮಾಡಿಲ್ಲ, ನಿರ್ದೇಶಕರು ಮರುಳಾದದ್ದೇ ಇದಕ್ಕೆ ಅಂದರು. ಅಲ್ಲಿ ನೀನು ಹಲ್ಲಿನಿಂದ ದಾರ ಕಡಿಯುತ್ತೀಯ ಅಮ್ಮ! ಅಷ್ಟೇ! ನಗುವೂ ಬಂತು, ಅಳುವೂ ಬಂತು.

ಇವರು ಬೇಕೆಂದು ಎತ್ತಿದ್ದಲ್ಲ. ಅಡುಗೆಮನೆಯಲ್ಲಿ ನಾನು ಹೊತ್ತುಗೊತ್ತಿಲ್ಲದೆ ಅದನ್ನೇ ಗುನುಗುತ್ತೇನೆ, ಗೋಡೆಯ ಆಚೆ ಇವರ ಕೀಬೋರ್ಡ್. ರೇಡಿಯೋವನ್ನು ಹೊರಗಟ್ಟಿ ಹೆಂಡತಿಯನ್ನು ಒಳಗೆ ಕರಕೊಂಡರು, ಪಾಪ.

ಬಾಯಿ ತಡೆಯದೆ ಹೇಳಿಬಿಟ್ಟೆ. ಮೊದಲು, ಎಲ್ಲದಕ್ಕೂ ನಿಮ್ಮಮ್ಮನೇ ಮೂಲವಾ ಅಂತ ರೇಗಿಸಿದರು. ಪೂರ್ತಿ ಗುನುಗಿ ತೋರಿಸಿದೆ. ನಗು ನಿಂತಿತು. ಗುನುಗಿಗೆಲ್ಲ ಯಾರು ಒಡೆಯರು ಅಂದರು. ಹಾಗಾದರೆ ಆ ಸಂಗೀತ ನಿರ್ದೇಶಕರನ್ನು ಯಾಕೆ ಬೈದಿರಿ ಅಂತ ಕೇಳಿದೆ. ಬಾಯಿ ಮುಚ್ಚು ಅಂದರು. ಮದುವೆಯಾದ ಮೇಲೆ ಮೊದಲ ಸಲ. ಹಾಡು ಬಿಡುಗಡೆಯಾಗಲಿ, ಅತ್ತೆಗೆ ನಾನೇ ಹೇಳುತ್ತೇನೆ ಅಂದರು. ಕೇಳಬೇಕಾದದ್ದನ್ನು ಮುಗಿದ ಮೇಲೆ ತಿಳಿಸುವುದು ಎಂಥ ಮರ್ಯಾದೆ ಅಂದೆ. ಬೆಳಗ್ಗೆಯಿಂದ ಆ ಖಾಲಿ ಜಾಗಕ್ಕೆ ಏನೇನೋ ಸ್ವರ ತುಂಬಿ ನುಡಿಸುತ್ತಿದ್ದಾರೆ. ಹಾಡು ಸಪ್ಪೆಯಾಗುತ್ತಿದೆ, ಅವರಿಗೂ ಗೊತ್ತು. ಪ್ರತಿ ಸಲ ನಿಲ್ಲಿಸಿದಾಗಲೂ, ಎದ್ದು ಬಂದು ಮಾತಾಡುತ್ತಾರೇನೋ ಅಂತ ಬಾಗಿಲ ಕಡೆ ನೋಡುತ್ತೇನೆ.

ಅಳಿಯ ತಾನೇ, ತಗೊಳ್ಳಲಿ ಬಿಡು ಅನ್ನುತ್ತೀಯ, ನನಗೆ ಗೊತ್ತು. ಅನ್ನಬೇಡ. ಕೊಡುವುದಾದರೆ ಅವರೇ ಬಾಯಿಬಿಟ್ಟು ಕೇಳಲಿ, ಹಾಡಿನ ಜೊತೆ ನಿನ್ನ ಹೆಸರೂ ಬರಲಿ. ಕೊಡಲು ಮನಸ್ಸಿಲ್ಲದಿದ್ದರೆ ನನ್ನ ಸಂಸಾರಕ್ಕೆ ಹೆದರಿ ಹ್ಞೂಂ ಅನ್ನಬೇಡ.

ನಿನ್ನ ಬಾಯಿಬಡುಕಿ,
ಗುಬ್ಬಿ

ತಾ.ಕ.: ರೆಕಾರ್ಡಿಂಗಿಗೆ ಮುಂಚೆ ಇವರೇ ಬಂದು ನಿನ್ನನ್ನು ಕೇಳಲಿ ಅಂತ ಊರಿನ ರೈಲಿಗೆ ಎರಡು ಸೀಟು ಕಾದಿರಿಸಿದ್ದೇನೆ. ಇವರಿನ್ನೂ ಬರುತ್ತೇನೆ ಅಂದಿಲ್ಲ. ನಾನೊಬ್ಬಳೇ ಇಳಿದರೆ ಪ್ಲಾಟ್‌ಫಾರ್ಮಿನಲ್ಲಿ ಏನೂ ಕೇಳಬೇಡ, ಮನೆಗೆ ಕರಕೊಂಡು ಹೋಗು. ಶನಿವಾರ, ಬೆಳಗಿನ ಎಕ್ಸ್‌ಪ್ರೆಸ್.