ಬಾಗಿಲಿನ ಅಂಚು ಬಾಕಿಯಿದೆ

ರೀ,

ಬಾಗಿಲಿನ ಬಣ್ಣಕ್ಕೆ ಜಗಳ ಆಡಿ ನಾವಿಬ್ಬರೂ ಮಾತು ಬಿಟ್ಟಿದ್ದೀವಿ, ಮರೆತಿಲ್ಲ. ಅದಕ್ಕೇ ಈ ಚೀಟಿ.

ರಾತ್ರಿಯೆಲ್ಲ ಬೇಕರಿಯಲ್ಲಿ ದುಡಿದು ಬಂದು ನೀವು ಗೊರಕೆ ಹೊಡೀತಿದ್ದಾಗ ಮುಂಬಾಗಿಲಿಗೆ ಬಣ್ಣ ಹೊಡೆದೆ. ಹೊರಗಡೆ ನಾನು ಹೇಳಿದ ಹಳದಿಯೇ. ಮುಖ ಊದಿಸ್ಕೋಬೇಡಿ, ಪೂರ್ತಿ ಓದಿ.

ಇನ್ನೂ ಹಸಿ ಇದೆ, ಬಾಗಿಲು ತೆರೆದೇ ಇರಲಿ. ನಿಮ್ಮ ಗೊರಕೆ ಕೇಳಿದ್ರೆ ಕಳ್ಳನೂ ಒಳಗೆ ಬರಲ್ಲ. ಹಿಟ್ಟು ಉಬ್ಬಿದೆಯಾ ಅಂತ ಒತ್ತಿ ನೋಡೋ ಹಾಗೆ ಬಣ್ಣ ಒಣಗಿದೆಯಾ ಅಂತ ಒತ್ತಿ ನೋಡಬೇಡಿ, ನಿಮ್ಮ ದಮ್ಮಯ್ಯ! ಹೋದ ಸಲದ ನಿಮ್ಮ ಹೆಬ್ಬೆಟ್ಟು ಅಡುಗೆಮನೆ ಕಿಟಕಿ ಮೇಲೆ ಇನ್ನೂ ಇದೆ. ಕೈ ಸುಮ್ಮನಿರಲ್ಲ ಅಂದ್ರೆ ಒಲೆ ಪಕ್ಕ ಹಿಟ್ಟು ಕಲಸಿಟ್ಟಿದ್ದೀನಿ, ಅದನ್ನ ಎಷ್ಟು ಬೇಕಾದ್ರೂ ಒತ್ತಿ.

ಬಾಗಿಲಿನ ಒಳಮೈ ನೋಡಿದ್ರಾ? ನೀವು ಕೇಳಿದ ಹಸಿರು. ಬೀದಿಗೆಲ್ಲ ನನ್ನ ಹಠ ಕಾಣಲಿ, ಮನೆಯೊಳಗೆ ನಿಮ್ಮದೇ ನಡೀಲಿ.

ಅಂಚು ಮಾತ್ರ ಹಾಗೇ ಬಿಟ್ಟಿದ್ದೀನಿ. ಅದು ಒಳಗೂ ಸೇರಲ್ಲ, ಹೊರಗೂ ಸೇರಲ್ಲ. ಯಾವ ಬಣ್ಣ ಅಂತ ಸಂಜೆ ನಾನು ಕೆಲಸದಿಂದ ಬಂದ ಮೇಲೆ ನೀವೇ ಹೇಳಿ.

ಬಾಯಿಬಿಟ್ಟು ಹೇಳಬೇಕು. ಚೀಟಿ ಬರೆದಿಟ್ರೆ ನಾನಂತೂ ಓದಲ್ಲ.