ಸಕ್ಕರೆ ಹಾಕಿದ ಮೂರು ಭಾನುವಾರ

ಕನ್ಯಾಮಠದ ಒಳಗಿರುವ ಅಕ್ಕನಿಗೆ, ಹೊರಗಿರುವ ತಮ್ಮನ ಪ್ರೀತಿಯ ನಮಸ್ಕಾರ.

ನಿನಗೆ ಬರುವ ಪತ್ರಗಳನ್ನು ಮೊದಲು ಮದರ್ ಓದುತ್ತಾರೆಂದು ನನಗೆ ಗೊತ್ತು. ಆದ್ದರಿಂದ ಅವರಿಗೂ ಒಂದು ನಮಸ್ಕಾರ. ಮದರ್, ಪತ್ರ ಉದ್ದವಿದೆ. ನಡುವೆ ನಿಮ್ಮ ಬಗ್ಗೆಯೂ ಎರಡು ಮಾತಿದೆ. ಕೋಪ ಬಂದರೆ ಆ ಹಾಳೆಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಕ್ಕನಿಗೆ ಕೊಡಿ.

ಅಕ್ಕ, ಹೋದ ಸಲ ನಾನು ಬಂದಾಗ ನೀನು ಭೇಟಿಕೋಣೆಯ ಸರಳುಗಳ ಆಚೆಯಿಂದ ನನಗೊಂದು ಪ್ರಶ್ನೆ ಕೇಳಿದೆ. ಮಾತಿನಿಂದಲೇ ಮೇಲೆ ಬಂದವನು ನಾನು. ನಾಲ್ಕು ಜನರ ಬಾಯನ್ನು ಒಬ್ಬನೇ ಮುಚ್ಚಿಸಬಲ್ಲವನು. ಅವತ್ತು ಉತ್ತರ ಕೊಡದೆ ಎದ್ದು ಹೋದೆ. ಈ ಪತ್ರವೇ ಆ ಉತ್ತರ. ಒಂದೇ ಪದದಲ್ಲಿ ಬರೆದು ಕಳಿಸಬಹುದಿತ್ತು. ಆದರೆ ನನ್ನಿಂದ ಒಂದೇ ಪದದ ಪತ್ರ ಬಂದರೆ, ತಮ್ಮನಿಗೆ ಏನೋ ಆಗಿದೆ ಎಂದು ನೀನು ಗಾಬರಿಯಾಗುತ್ತೀಯ.

ನೀನು ಮನೆ ಬಿಟ್ಟ ದಿನದಿಂದಲೇ ಶುರು ಮಾಡಬೇಕು. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿದವಳು ನೀನು. ಗಣಿತದಲ್ಲಿ ಸೊನ್ನೆ ಬಂದಾಗ ಅಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಹಾಕಿಕೊಟ್ಟವಳೂ ನೀನೇ. (ಮದರ್, ಇದು ಇವಳು ಮಠ ಸೇರುವ ಮುಂಚಿನ ಮಾತು.) ನನಗಾಗ ಹದಿನಾಲ್ಕು, ನಿನಗೆ ಇಪ್ಪತ್ತೆರಡು. ಅಪ್ಪ ಕೆಲಸಕ್ಕೆ ಹೋಗಿದ್ದರು. ನೀನು ಮಂಚದ ಮೇಲೆ ಕೂತು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದೆ. "ಯಾಕೆ ಹೋಗ್ತಿದ್ದೀಯ?" ಎಂದು ಕೇಳಿದೆ ನಾನು. "ಕರೀತಾ ಇದ್ದಾರೆ ಕಣೋ" ಎಂದೆ ನೀನು. ಮನೆಯಲ್ಲಿದ್ದವರು ನಾವಿಬ್ಬರೇ. ಯಾರೂ ಕರೆದದ್ದು ನನಗೆ ಕೇಳಿಸಲಿಲ್ಲ. ಬಾಗಿಲು ತೆಗೆದು ಬೀದಿಯ ಎರಡೂ ಕಡೆ ನೋಡಿ ಬಂದೆ. ನೀನು ನಕ್ಕುಬಿಟ್ಟೆ. ಒಂದೇ ಸೂರಿನ ಕೆಳಗೆ ಇಬ್ಬರಲ್ಲಿ ಒಬ್ಬಳಿಗೆ ಕೇಳಿಸಿ ಇನ್ನೊಬ್ಬನಿಗೆ ಕೇಳಿಸದ ಆ ಧ್ವನಿ ಎಂಥದ್ದು ಎಂದು ಅವತ್ತು ನೆಟ್ಟಗಾದ ನನ್ನ ಕಿವಿ ಇವತ್ತಿಗೂ ಹಾಗೇ ಇದೆ.

ಆಮೇಲೆ ಹನ್ನೆರಡು ವರ್ಷ ನಾನು ಪ್ರತಿ ಭಾನುವಾರ ಚರ್ಚಿನ ನಾಲ್ಕನೆಯ ಬೆಂಚಿನಲ್ಲಿ ಕೂತೆ, ಎದ್ದು ಹೋಗಿ ಪರಮಪ್ರಸಾದ ಸ್ವೀಕರಿಸಿದೆ, ಮರಳಿ ಬಂದು ಕಣ್ಣು ಮುಚ್ಚಿ ಕಾದೆ. ಒಮ್ಮೆಯಾದರೂ ಏನಾದರೂ ಅನ್ನಿಸಲಿ ಎಂದು. ಏನೂ ಅನ್ನಿಸಲಿಲ್ಲ. ಪಕ್ಕದವರ ಕೆಮ್ಮು ಕೇಳಿಸುತ್ತಿತ್ತು. ಅಷ್ಟು ಹೊತ್ತಿಗೆ ನನ್ನ ಬಿಸ್ಕತ್ತಿನ ಬೇಕರಿ ಒಂದು ಒಲೆಯಿಂದ ಮೂರು ಒಲೆಗೆ ಬೆಳೆದಿತ್ತು. ಒಂದನ್ನಾದರೂ ನಾಲಿಗೆಯ ಮೇಲಿಟ್ಟು ನೋಡದೆ ಒಂದು ತಟ್ಟೆ ಬಿಸ್ಕತ್ತನ್ನೂ ನಾನು ಹೊರಗೆ ಕಳಿಸಿದವನಲ್ಲ. ಅಂಥವನು, ರುಚಿಯೇ ತಿಳಿಯದ ಮೇಲೆ, ಎಲ್ಲರ ಮುಂದೆ "ಆಮೆನ್" ಎಂದು ಬಾಯಿ ತೆರೆಯುವುದು ಮೋಸ ಅನ್ನಿಸಿತು. ಒಂದು ಭಾನುವಾರ ಪ್ರಸಾದದ ಸಾಲಿಗೆ ಎಲ್ಲರೂ ಎದ್ದಾಗ ನಾನು ಏಳಲಿಲ್ಲ. ಮುಂದಿನ ಭಾನುವಾರವೂ ಏಳಲಿಲ್ಲ. ಹೀಗೆ ಇಪ್ಪತ್ತಾರು ವರ್ಷ. ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಬಹಳ ಗೌರವವಿತ್ತು.

ನನ್ನ ಹೆಂಡತಿ, ನಿನ್ನ ನಾದಿನಿ, ಒಂದು ದಿನವೂ ಯಾಕೆಂದು ಕೇಳಲಿಲ್ಲ. ಸಾಲಿಗೆ ಹೋಗಲು ಅವಳು ನನ್ನ ಮಂಡಿ ದಾಟಬೇಕು. ಪ್ರತಿ ವಾರ "ಸ್ವಲ್ಪ ಕಾಲು" ಎನ್ನುತ್ತಿದ್ದಳು. ನಾನು ಕಾಲು ಮಡಚುತ್ತಿದ್ದೆ. ನಮ್ಮ ಸಂಸಾರದಲ್ಲಿ ದೇವರ ಬಗ್ಗೆ ನಡೆದ ಮಾತುಕತೆ ಅಷ್ಟೇ.

ಆದರೆ ಅಕ್ಕ, ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಬಿಸ್ಕತ್ತು ಕೊಡಲು ಊರೂರು ತಿರುಗುವಾಗ, ದಾರಿಯಲ್ಲಿ ಚರ್ಚು ಕಂಡರೆ ವ್ಯಾನು ನಿಲ್ಲಿಸಿ ಒಳಗೆ ಹೋಗುತ್ತಿದ್ದೆ. ಯಾರೂ ಇಲ್ಲದ ಹೊತ್ತು ನೋಡಿ. ಹತ್ತು ನಿಮಿಷ ಕೂತು ಬರುತ್ತಿದ್ದೆ. ಪ್ರಾರ್ಥನೆ ಅಂತ ಏನೂ ಇಲ್ಲ, ಸುಮ್ಮನೆ ಕೂರುವುದು. ಯಾರಾದರೂ ಬಂದರೆ ಕಿಟಕಿಯ ಗಾಜು ನೋಡುವವನಂತೆ ನಟಿಸಿ ಎದ್ದುಬಿಡುತ್ತಿದ್ದೆ. ನೂರಾ ಹದಿನಾಲ್ಕು ಚರ್ಚು ಆಗಿವೆ. ಯಾವುದರ ಬೆಂಚು ಕಿರುಗುಟ್ಟುತ್ತದೆ, ಯಾವುದರ ಬಾಗಿಲು ಮಧ್ಯಾಹ್ನ ಮುಚ್ಚಿರುತ್ತದೆ, ಎಲ್ಲ ಬಲ್ಲೆ. ಹೊರಗೆ ಬರುವಾಗ ಪ್ರತಿ ಸಲವೂ ಎದೆಯೊಳಗೆ ಒಂದು ಸೆಳೆತ ಇರುತ್ತಿತ್ತು. ಖಾಲಿ ಹೊಟ್ಟೆಯದು ಎಂದು ಕಾಫಿ ಕುಡಿಯುತ್ತಿದ್ದೆ. ಹೋಗುತ್ತಿರಲಿಲ್ಲ.

ವರ್ಷಕ್ಕೆರಡು ಸಲ ನಿನ್ನನ್ನು ನೋಡಲು ಬಂದಾಗ ನೀನು ಸರಳುಗಳ ಹಿಂದೆ ಕೂತು ನಗುತ್ತಿದ್ದೆ. ಆ ಮುಖ ನೋಡಿ ನನಗೆ ಹೊಟ್ಟೆಕಿಚ್ಚು. ನನಗೆ ಬರಬೇಕಾದ ಪಾಲನ್ನೂ ಸೇರಿಸಿ ದೇವರು ನಿನಗೇ ಕೊಟ್ಟುಬಿಟ್ಟಿದ್ದಾನೆ ಎಂದುಕೊಳ್ಳುತ್ತಿದ್ದೆ.

ಈಗ ಮದರ್ ವಿಷಯಕ್ಕೆ ಬರುತ್ತೇನೆ. ಮಠದಲ್ಲಿ ಉಳಿದವರು ಐದು ಜನ, ಎಲ್ಲರಿಗೂ ಮೊಣಕೈ ನೋವು, ಇನ್ನು ಓಸ್ತಿ ಮಾಡಲು ಆಗುವುದಿಲ್ಲ, ನೀನು ಮಾಡಿಕೊಡು ಎಂದು ಅವರು ಕರೆಸಿ ಹೇಳಿದಾಗ ನಾನು ಹೌಹಾರಿದೆ. ಏಳು ಚರ್ಚುಗಳ ಬಲಿಪೂಜೆಯಲ್ಲಿ ಪರಮಪ್ರಸಾದವಾಗುವ ಆ ತೆಳ್ಳನೆಯ ಬಿಳಿ ಬಿಲ್ಲೆಗಳನ್ನು, ಅವನ್ನು ಬಾಯಿಗೇ ಹಾಕದ ನಾನು ಸುಡುವುದೇ? "ಮದರ್, ನಾನು ಸರಿಯಾದ ಮನುಷ್ಯ ಅಲ್ಲ" ಎಂದೆ. "ಸರಿಯಾದ ಮನುಷ್ಯರನ್ನ ಹುಡುಕೋಕೆ ನಮಗೆ ಪುರುಸೊತ್ತಿಲ್ಲ. ನಿನ್ನ ಹತ್ರ ಒಲೆ ಇದೆ" ಎಂದರು. ಇಷ್ಟು ನೇರವಾಗಿ ವ್ಯವಹಾರ ಮಾಡುವವರು ನನ್ನ ಸಂತೆಯಲ್ಲೂ ಇಲ್ಲ.

ನೀನು ಮೂರು ದಿನ ಕೂರಿಸಿ ಹೇಳಿಕೊಟ್ಟೆ. ಗೋಧಿ ಹಿಟ್ಟು, ನೀರು. ನೀರಾಗಿ ಕಲಸಬೇಕು. ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಹುಯ್ದು ಒತ್ತಬೇಕು. ಹಾಳೆ ಬರುತ್ತದೆ. ತಕ್ಷಣ ಕತ್ತರಿಸಿದರೆ ಪುಡಿಯಾಗುತ್ತದೆ, ತೇವದ ಕೋಣೆಯಲ್ಲಿ ಒಂದು ದಿನ ಮೆತ್ತಗಾಗಲು ಬಿಡಬೇಕು. ಉಪ್ಪಿಲ್ಲ, ಸಿಹಿಯಿಲ್ಲ, ಹುಳಿಯಿಲ್ಲ, ಬೆಣ್ಣೆಯಿಲ್ಲ. ಬೇರೇನು ಸೇರಿದರೂ ಬಲಿಪೂಜೆಗೆ ಸಲ್ಲುವುದಿಲ್ಲ. ನಾನು ಎಲ್ಲವನ್ನೂ ಹಾಗೆಯೇ ಮಾಡಿದೆ, ಒಂದು ತಿಂಗಳು. ಆಮೇಲೆ ಕೈ ಕೇಳಲಿಲ್ಲ. ಬೆಣ್ಣೆ, ಏಲಕ್ಕಿಯಿಂದ ಹೆಸರು ಮಾಡಿದ ಕೈ ಅದು. ಕತ್ತರಿಸಿದ ಮೇಲೆ ಉಳಿದ ಅಂಚನ್ನು ಬಾಯಿಗೆ ಹಾಕಿಕೊಂಡರೆ ಕಾಗದ ತಿಂದ ಹಾಗೆ. ಪಾಪ, ಜನ ವಾರವೆಲ್ಲ ಏನೋ ಸಿಗುತ್ತದೆ ಎಂದು ಕಾದು ಬರುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಸಿಗುವುದು ಇದು. ನನಗೆ ಏನೂ ಅನ್ನಿಸದಿದ್ದುದಕ್ಕೆ ಇದೂ ಒಂದು ಕಾರಣ ಇರಬಹುದಲ್ಲ? ಕಲಸಿದ ಹಿಟ್ಟಿನ ಬಕೆಟ್ಟಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ. ಒಂದು ಬಟ್ಟಲು ಸಕ್ಕರೆ ಹಾಕಿದೆ.

ಮೂರು ಭಾನುವಾರ ಯಾರಿಗೂ ಗೊತ್ತಾಗಲಿಲ್ಲ, ಅಥವಾ ಗೊತ್ತಾದವರು ಬಾಯಿ ಬಿಡಲಿಲ್ಲ. ಕೆಡಿಸಿದ್ದು ನಮ್ಮ ಬೀದಿಯ ಗಡಿಯಾರದ ತಾತ. ಬಲಿಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಫಾದರಿಗೆ ಹೇಳಿದರಂತೆ: "ಫಾದರ್, ಈಚೆಗೆ ಪ್ರಸಾದ ತುಂಬ ಸುಧಾರಿಸಿದೆ. ಇದೇ ಅಂಗಡಿಯವರನ್ನ ಬಿಡಬೇಡಿ."

ಸೋಮವಾರ ಬೆಳಿಗ್ಗೆ ಫಾದರ್ ಬೇಕರಿಗೆ ಬಂದರು. ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕೊಡೆ ಇರುವ ಮನುಷ್ಯ, ಊರೆಲ್ಲ ಅವರನ್ನು ಕೊಡೆ ಫಾದರ್ ಎಂದೇ ಕರೆಯುವುದು. ಒಂದು ಬಿಲ್ಲೆಯನ್ನು ಮೇಜಿನ ಮೇಲಿಟ್ಟರು. ಸಕ್ಕರೆಯಿಂದ ಅದರ ಅಂಚು ಕೆಂಪಗಾಗಿತ್ತು.

"ಇದರಲ್ಲಿ ಏನೇನಿದೆ?"

"ಗೋಧಿ ಹಿಟ್ಟು, ನೀರು."

"ಆಮೇಲೆ?"

"ಚಿಟಿಕೆ ಉಪ್ಪು."

"ಆಮೇಲೆ?"

"ಚೂರು ಸಕ್ಕರೆ. ಬಾಯಿಗೆ ಏನಾದ್ರೂ ಗೊತ್ತಾಗಲಿ ಅಂತ, ಫಾದರ್."

ಅವರು ಬೈಯುತ್ತಾರೆಂದು ಕಾದೆ. ಕೊಡೆಯ ತುದಿಯಿಂದ ನೆಲದ ಹಿಟ್ಟಿನಲ್ಲಿ ಒಂದು ಗೆರೆ ಎಳೆದರು. "ಇಪ್ಪತ್ತಾರು ವರ್ಷದಿಂದ ನೀನು ಬಾಯಿಗೇ ಹಾಕಿಲ್ಲ ಕಣಯ್ಯ. ಬೇರೆಯವರ ಬಾಯಿಗೆ ಏನು ಗೊತ್ತಾಗಬೇಕು ಅಂತ ನಿನಗ್ಯಾಕೆ?" ಎಂದರು. ನಾನೊಬ್ಬನೇ ವರ್ಷ ಎಣಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವರೂ ಎಣಿಸುತ್ತಿದ್ದರು.

ಏಳು ಚರ್ಚುಗಳಿಗೂ ನಾನೇ ಹೋಗಿ, ತಪ್ಪು ಒಪ್ಪಿಕೊಂಡು, ಡಬ್ಬಗಳನ್ನು ವಾಪಸ್ಸು ತಂದೆ. ಒಂಬತ್ತು ಸಾವಿರದ ನಾನೂರು ಬಿಲ್ಲೆ. ನನ್ನ ಸರಕು ವಾಪಸ್ಸು ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಆ ಮುಖ ಹೊತ್ತುಕೊಂಡೇ ಅವತ್ತು ನಿನ್ನ ಹತ್ತಿರ ಬಂದದ್ದು.

ನೀನು ಮೊದಲು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನನಗೆ ರೇಗಿತು. "ನಿನಗೇನು, ನಗ್ತೀಯ. ನಿನಗೆ ಸಿಕ್ಕಿದೆ. ಸಿಗದೇ ಇರೋನ ಕಷ್ಟ ನಿನಗೇನು ಗೊತ್ತು?" ಎಂದುಬಿಟ್ಟೆ. ನಿನ್ನ ನಗು ನಿಂತಿತು. ಮೂಲೆಯಲ್ಲಿ ಮದರ್ ಹೆಣಿಗೆ ಹಿಡಿದುಕೊಂಡು ತೂಕಡಿಸುತ್ತಿದ್ದರು. ನೀನು ಸರಳಿಗೆ ಹಣೆ ತಾಗಿಸಿ, ಅಂಗಡಿಯಿಂದ ಏನು ತರಬೇಕು ಎಂದು ಹೇಳುವಷ್ಟು ಸರಾಗವಾಗಿ ಹೇಳಿದೆ: "ಹತ್ತೊಂಬತ್ತು ವರ್ಷದಿಂದ ನನಗೂ ಏನೂ ಅನ್ನಿಸಿಲ್ಲ ಕಣೋ."

ನಾನು ಕುರ್ಚಿಯನ್ನು ಸರಳಿನ ಹತ್ತಿರ ಎಳೆದುಕೊಂಡೆ.

"ಮತ್ತೆ ಇಷ್ಟು ವರ್ಷ ನನ್ನ ಮುಂದೆ ನಗ್ತಾ ಇದ್ದದ್ದು? ಸುಳ್ಳಾ?"

"ಸುಳ್ಳಲ್ಲ. ನಿನ್ನ ಮುಖ ನೋಡಿದ್ರೆ ನಗು ಬರುತ್ತೆ. ಅದು ಬೇರೆ."

"ಏನೂ ಅನ್ನಿಸದೇ ಇದ್ರೆ ದಿನಾ ಹೋಗಿ ಯಾಕೆ ಕೂರ್ತೀಯ?"

"ಬೇಕಲ್ಲ, ಅದಕ್ಕೆ. ಅವನು ಬೇಕು. ಅನ್ನಿಸೋದೆಲ್ಲ ಹೋಯ್ತು, ಬೇಕು ಅನ್ನೋದು ಮಾತ್ರ ಒಂದು ದಿನವೂ ಹೋಗಲಿಲ್ಲ. ಇಷ್ಟು ದೊಡ್ಡ ಆಸೆಯನ್ನ ನನ್ನೊಳಗೆ ನಾನೇ ಹುಟ್ಟಿಸಿಕೊಂಡೆ ಅಂತೀಯಾ? ನನ್ನ ಕೈಲಿ ಒಂದು ಹೂಗಿಡ ಬೆಳೆಸೋಕೆ ಆಗಲ್ಲ, ಮದರನ್ನ ಕೇಳು." ಆಮೇಲೆ ನೀನು ನನ್ನ ಕಣ್ಣನ್ನೇ ನೋಡಿ ಕೇಳಿದೆ: "ನಿನಗೆ ಬೇಕಾ?"

ಅದಕ್ಕೇ ನಾನು ಎದ್ದು ಹೋದದ್ದು. ಮದರ್, ಅವತ್ತು ನೀವು ತೂಕಡಿಸುತ್ತಿರಲಿಲ್ಲ. ನಿಮ್ಮ ಹೆಣಿಗೆ ನಿಂತಿತ್ತು, ನಾನು ನೋಡಿದೆ.

ವ್ಯಾನಿನಲ್ಲಿ ಕೂತು ಬಹಳ ಹೊತ್ತು ಬೀಗದ ಕೈ ತಿರುಗಿಸಲಿಲ್ಲ. ನನಗೆ ದೊಡ್ಡ ವಿಚಾರಗಳು ತಿಳಿಯುವುದಿಲ್ಲ, ಅಂಗಡಿಯ ವಿಚಾರ ತಿಳಿಯುತ್ತದೆ. ಒಬ್ಬ ಗಿರಾಕಿ ನೂರಾ ಹದಿನಾಲ್ಕು ಸಲ ಬಾಗಿಲು ದಾಟಿ ಬಂದು, ಒಳಗೆ ಕೂತು, ಬರಿಗೈಯಲ್ಲಿ ಹೋದ ಎನ್ನೋಣ. ಅವನಿಗೆ ನಮ್ಮ ಸಾಮಾನು ಬೇಡ ಎಂದು ಯಾವ ದಡ್ಡ ಹೇಳುತ್ತಾನೆ? ಮತ್ತೆ, ಅವನನ್ನು ಅಷ್ಟು ಸಲ ಬರುವಂತೆ ಮಾಡಿದವರು ಯಾರು? ಬಾಗಿಲು ತೆಗೆದು ಬೀದಿಯ ಎರಡೂ ಕಡೆ ನೋಡಿ ಬಂದವನು ನಾನು. ಕರೆಯುತ್ತಿದ್ದದ್ದು ಪಕ್ಕೆಲುಬಿನ ಒಳಗಿನಿಂದ. ಅದಕ್ಕೆ ನಾನು ಕಾಫಿ ಕುಡಿಸುತ್ತಿದ್ದೆ.

ಶನಿವಾರ ಪಾಪನಿವೇದನೆಗೆ ಹೋದೆ. ಅದರ ಗುಟ್ಟು ಕಾಪಾಡಬೇಕಾದವರು ಫಾದರ್, ನಾನಲ್ಲ, ಆದ್ದರಿಂದ ಬರೆಯುತ್ತೇನೆ. "ಎಷ್ಟು ಕಾಲ ಆಯ್ತಪ್ಪ?" ಎಂದರು. "ಇಪ್ಪತ್ತಾರು ವರ್ಷ, ನಾಲ್ಕು ತಿಂಗಳು. ದಿನಗಳನ್ನೂ ಹೇಳಲಾ?" ಎಂದೆ. "ಬೇಡ, ಪಾಪಗಳನ್ನ ಹೇಳು, ಹಿಂದೆ ಆರು ಜನ ಇದ್ದಾರೆ." ಹೇಳಿದೆ. ನನ್ನ ಪ್ರಾಮಾಣಿಕತೆಯನ್ನೂ ಆ ಪಟ್ಟಿಗೆ ಸೇರಿಸಿದೆ. ಪರದೆಯ ಆಚೆ ಮೂಗು ಒರೆಸಿಕೊಳ್ಳುವ ಸದ್ದು. "ಪ್ರಾಯಶ್ಚಿತ್ತ ಏನು ಫಾದರ್?" ಎಂದೆ. "ನಾಳೆ ಕೂತಿರಬೇಡ" ಎಂದರು.

ಭಾನುವಾರ ಸಾಲು ಹೊರಟಾಗ ನಾನು ನಿನ್ನ ನಾದಿನಿಗಿಂತ ಮುಂಚೆ ಎದ್ದೆ. ಬೆಂಚಿನ ಕೊನೆಗೆ ಬಂದು ನಿಂತುಬಿಟ್ಟೆ. ಹಿಂದಿನಿಂದ ಅವಳು ಬೆನ್ನಿಗೆ ಕೈಯಿಟ್ಟು, "ನಡೀರಿ, ನಾನಿದ್ದೀನಿ" ಎಂದಳು. ಧ್ವನಿ ಒದ್ದೆಯಾಗಿತ್ತು. ಎಷ್ಟು ಹೆಜ್ಜೆ ಎಂದು ಎಣಿಸಲು ಶುರು ಮಾಡಿ ಹನ್ನೊಂದಕ್ಕೋ ಹನ್ನೆರಡಕ್ಕೋ ಬಿಟ್ಟುಬಿಟ್ಟೆ. ಕೊಡೆ ಫಾದರ್ ಬಿಲ್ಲೆಯನ್ನು ಎತ್ತಿ ಹಿಡಿದರು. ಅದನ್ನು ಸುಟ್ಟವನು ನಾನು, ಬರಿ ಹಿಟ್ಟು, ಬರಿ ನೀರು. ನಾನು ಮಾಡದ್ದೊಂದು ಈಗ ಅದರಲ್ಲಿತ್ತು. "ಕ್ರಿಸ್ತರ ಶರೀರ" ಎಂದರು. ನಾನು ಹೇಳಿದ "ಆಮೆನ್"ಗೆ ಗಡಿಯಾರದ ತಾತ ಹಿಂತಿರುಗಿ ನೋಡಿದರು.

ಅಕ್ಕ, ಬೆಳಕು ಬರಲಿಲ್ಲ. ಧ್ವನಿ ಕೇಳಿಸಲಿಲ್ಲ. ನಾಲಿಗೆಗೆ ಯಾವ ರುಚಿಯೂ ಇಲ್ಲ, ಬಿಲ್ಲೆ ಅಂಗುಳಕ್ಕೆ ಅಂಟಿಕೊಂಡಿತು. ಬೆಂಚಿಗೆ ಬಂದು ಮಂಡಿಯೂರಿದೆ. ಆ ಹಳೆಯ ಸೆಳೆತ ಇತ್ತಲ್ಲ, ಅದು ಶಮನವಾಗುತ್ತದೆ ಎಂದುಕೊಂಡಿದ್ದೆ. ಹತ್ತು ಪಟ್ಟಾಯಿತು. ಎದೆ ಸಾಲದಷ್ಟಾಯಿತು. ಐವತ್ತೆರಡು ವರ್ಷದ ಗಂಡಸು, ಆರು ಒಲೆಗಳ ಯಜಮಾನ, ಬೆಂಚಿನ ಮೇಲೆ ಮುಖವಿಟ್ಟು ಅಳುತ್ತಲೂ ನಗುತ್ತಲೂ ಇದ್ದೆ. ಇಷ್ಟು ವರ್ಷ ಅವನು ಬಂದಿಲ್ಲ ಎಂಬುದಕ್ಕೆ ಸಾಕ್ಷಿಯೆಂದು ನಾನು ಆ ಸೆಳೆತವನ್ನು ಹಿಡಿದುಕೊಂಡು ಓಡಾಡಿದೆ; ಹಿಡಿದದ್ದು ಅವನ ಕೈಯನ್ನೇ. ಕೊನೆಯ ಹಾಡಿಗೆ ಎದ್ದು ನಿಂತು ಹಾಡಿದೆ. ನನ್ನ ಕಂಠ ನಿನಗೆ ಗೊತ್ತು. ಮುಂದಿನ ಎರಡು ಬೆಂಚಿನವರು ತಡೆದುಕೊಂಡರು.

ಸೋಮವಾರ ಆರೂವರೆಯ ಬಲಿಪೂಜೆಗೂ ಹೋದೆ, ಮಂಗಳವಾರವೂ ಹೋದೆ. ನನ್ನನ್ನೂ ಸೇರಿಸಿ ಎಂಟು ಜನ. ಅನ್ನಿಸಿತೇ ಎಂದು ನೀನು ಕೇಳುವುದಿಲ್ಲ, ನನಗೆ ಗೊತ್ತು. ನೀನು ಕೇಳಿದ್ದು ಬೇರೆ, ಅದಕ್ಕೆ ಉತ್ತರ ಇದು: ಬೇಕು. ಸಾಯುವವರೆಗೂ ಹೀಗೆಯೇ ಬೇಕಾಗುತ್ತಲೇ ಇರಲಿ ಎಂದು ಕೇಳಿಕೊಂಡಿದ್ದೇನೆ.

ಕಿರಿಯವನು ಹಿರಿಯಳನ್ನು ಹರಸಬಾರದು ಎನ್ನುತ್ತಾರೆ. ಆದರೂ ಹರಸುತ್ತೇನೆ. ಹತ್ತೊಂಬತ್ತು ವರ್ಷ ನಿನ್ನನ್ನು ಖಾಲಿ ಕೈಯಲ್ಲಿ ಹಿಡಿದಿಟ್ಟವನು ನಿನಗೆ ತನ್ನ ಮುಖವನ್ನೇ ತೋರಿಸಲಿ. ಅಲ್ಲಿಯವರೆಗೆ ನಾಳೆ ಬೆಳಿಗ್ಗೆ ಎದ್ದು ಹೋಗಿ ಕೂರುವಾಗ ಒಂದು ಮಾತು ನೆನಪಿರಲಿ: ಇನ್ನು ನೀನು ಒಬ್ಬಳೇ ಕಾಯುತ್ತಿಲ್ಲ.

ಅವನಲ್ಲಿ ನಿನ್ನವನು,
ತಮ್ಮ